ಹೆಂಡತಿಯ ಹರಕೆಯನ್ನು ಗಂಡ ಮುರಿಯಬಹುದಾ? ಅನುಭವ ಇದ್ದವರು ಹೇಳಿ

ಹುಬ್ಬಳ್ಳಿಯಿಂದ ಕೇಳುತ್ತಿದ್ದೇನೆ. ಮದುವೆಯಾಗಿ 7 ತಿಂಗಳು. ಅಪ್ಪ ತೀರಿಕೊಂಡಾಗ, ನನ್ನ ಪಗಾರದಲ್ಲಿ ತಿಂಗಳಿಗೆ 4 ಸಾವಿರ ಬೆಟಗೇರಿಯಲ್ಲಿರುವ ಅವ್ವನಿಗೆ ಕೊಡುತ್ತೇನೆ ಅಂತ ದೇವರ ಮುಂದೆ ಹರಕೆ ಮಾಡಿದ್ದೆ. ನಿಶ್ಚಯದ ದಿನವೇ ಇವರಿಗೆ ಹೇಳಿದ್ದೆ. ಈಗ ಮಾವನವರು ಬೈಬಲ್‌ನ ಅರಣ್ಯಕಾಂಡದ 30ನೇ ಅಧ್ಯಾಯ ತೆಗೆದು, "ಹೆಂಡತಿಯ ಹರಕೆ ರದ್ದು ಮಾಡುವ ಅಧಿಕಾರ ಗಂಡನಿಗಿದೆ, ದೇವರ ನ್ಯಾಯ ಇದು" ಅನ್ನುತ್ತಾರೆ. ಇವರು ಸುಮ್ಮನಿದ್ದಾರೆ. ಯಾರಿಗಾದರೂ ಹೀಗಾಗಿದೆಯಾ?

ಗದಗದಿಂದ:

ತಂಗಿ, ನಿಮ್ಮ ಮಾವನವರು ಅಧ್ಯಾಯ ಸರಿಯಾಗಿಯೇ ತೆಗೆದಿದ್ದಾರೆ. ಪೂರ್ತಿ ಓದಿಲ್ಲ, ಅಷ್ಟೇ. ಗಂಡ ಬೇಡ ಅನ್ನುವುದಾದರೆ ಕೇಳಿದ ದಿನವೇ ಅನ್ನಬೇಕು. ಅವತ್ತು ಸುಮ್ಮನಿದ್ದರೆ ಹರಕೆ ನಿಂತಿತು. ಆಮೇಲೆ ಮುರಿದರೆ ಆ ಪಾಪ ಅವನ ತಲೆಗೇ ಅಂತ 15ನೇ ವಚನದಲ್ಲಿದೆ. ಮದುವೆಗೆ ಮುಂಚಿನ ಹರಕೆಗೂ ಇದೇ ಲೆಕ್ಕ. ನಿಮ್ಮವರು ನಿಶ್ಚಯದ ದಿನ ಕೇಳಿಸಿಕೊಂಡು ಚಹಾ ಕುಡಿದರು ತಾನೇ? ಮುಗೀತು. ಇನ್ನೊಂದು, ಆ ಅಧ್ಯಾಯದಲ್ಲಿ ಮಾವನಿಗೆ ಜಾಗವೇ ಇಲ್ಲ. ತನ್ನ ಮನೆಯಲ್ಲಿರುವ ಮಗಳ ಹರಕೆಯನ್ನು ಅಪ್ಪ ತಡೆಯಬಹುದು. ಸೊಸೆಯದು ತಡೆಯಬಹುದು ಅಂತ ಎಲ್ಲೂ ಬರೆದಿಲ್ಲ.

ನಮ್ಮ ಮನೆಯಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ ಇತ್ತು. ಸಂಜೆ ಪ್ರಾರ್ಥನೆಯಲ್ಲಿ ಮಾವನವರು ವಾರಕ್ಕೊಮ್ಮೆಯಾದರೂ 22ನೇ ವಚನ ಓದುತ್ತಿದ್ದರು. ಹೆಂಡತಿಯರೇ, ಗಂಡಂದಿರಿಗೆ ಅಧೀನರಾಗಿರಿ. ಅಲ್ಲಿಗೆ ಬೈಬಲ್ ಮುಚ್ಚುತ್ತಿತ್ತು. ಆ ಹಾಳೆಯ ಮೂಲೆ ಬೆರಳಿನ ಎಣ್ಣೆಗೆ ಕಂದಾಗಿಹೋಗಿತ್ತು. ಒಂದು ಸಂಜೆ ಅವರ ಚಷ್ಮಾ ಮುರಿದಿತ್ತು. "ನೀನ ಓದವಾ" ಅಂದರು. ನಾನು 21ರಿಂದ ಶುರು ಮಾಡಿದೆ. ಅಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಅಂತಿದೆ. ಮುಂದಿನ ಅಧ್ಯಾಯದ 4ನೇ ವಚನ, ಅಪ್ಪಂದಿರೇ ಮಕ್ಕಳಿಗೆ ಸಿಟ್ಟು ಬರಿಸಬೇಡಿ ಅನ್ನುವವರೆಗೂ ನಿಲ್ಲಿಸಲಿಲ್ಲ. ಯಾರೂ ಮಾತಾಡಲಿಲ್ಲ. ಇವರು ಚಾಪೆಯ ಎಳೆ ಕೀಳುತ್ತ ಕೂತಿದ್ದರು.

ಮರುದಿನ ಏನೂ ಬದಲಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಸುಗ್ಗಿ ಮುಗಿದ ಮೇಲೆ ಮಾವನವರೇ ಕೇಳಿದರು, "ನಿಮ್ಮವ್ವಗ ಈ ಸಲ ಜ್ವಾಳ ಕಳಿಸೀಯೇನ?"

ಆದಿಕಾಂಡ 2:24ರಲ್ಲಿ ಅಪ್ಪ ಅವ್ವನನ್ನು ಬಿಟ್ಟು ಬರುವವನು ಗಂಡು. ನಮ್ಮ ಕಡೆ ಬಿಟ್ಟು ಬರುವವಳು ಹೆಣ್ಣು. ಸೊಸೆಯ ಪಗಾರ ಮಾವನ ಕೈಗೆ ಅನ್ನೋದು ನಮ್ಮ ಊರಿನ ರೂಢಿ. ಅರಣ್ಯಕಾಂಡದ ಆ ನಿಯಮ ಹೇಳಿದ ಮೋಶೆಯ ತಲೆಗೆ ಕಟ್ಟೋದು ಬೇಡ.

ಧಾರವಾಡದಿಂದ:

ಗಂಡಸರ ಕಡೆಯಿಂದ ಒಂದು ಮಾತು. ನಾನೂ ಹೀಗೇ ಸುಮ್ಮನಿದ್ದವನು. ಹೆಂಡತಿಯ ಎಟಿಎಂ ಕಾರ್ಡ್ ನಮ್ಮಪ್ಪನ ಟ್ರಂಕಿನಲ್ಲಿ, ಹೊಲದ ಉತಾರದ ಜೊತೆ ಇರುತ್ತಿತ್ತು. ಬಸ್ಸಿನ ರೊಕ್ಕಕ್ಕೂ ಆಕೆ ಕೇಳಬೇಕು. ಮನೆಗೆ ಗಂಡನೇ ತಲೆ ಅಂತ ನಾನು ಈಗಲೂ ನಂಬುತ್ತೇನೆ, ಮೇಲಿನ ಅಕ್ಕನವರು ಒಪ್ಪಲಿಕ್ಕಿಲ್ಲ. ಆದರೆ ಎಫೆಸ 5:25ರ ಪ್ರಕಾರ ತಲೆಯಾದವನು ಕ್ರಿಸ್ತನ ಹಾಗೆ ತನ್ನನ್ನೇ ಕೊಡಬೇಕು. ನಾನು ಏನು ಕೊಟ್ಟಿದ್ದೆ? ಅಪ್ಪನ ಎದುರು ಆಕೆಯ ಪರವಾಗಿ ಒಂದು ಮಾತೂ ಕೊಟ್ಟಿರಲಿಲ್ಲ.

ನಮ್ಮ ಸಭಾಪಾಲಕರು ಮಾರ್ಕ 7 ಓದು ಅಂದರು. ಇದು ದೇವರಿಗೆ ಮುಡಿಪು ಅಂತ ಹೇಳಿ ಅಪ್ಪ ಅವ್ವನಿಗೆ ಕೊಡದೆ ಜಾರಿಕೊಳ್ಳುವವರನ್ನು ಯೇಸು ಅಲ್ಲಿ ಬೈಯುತ್ತಾನೆ. ಅವ್ವನಿಗೆ ಕೊಡುತ್ತೇನೆ ಅನ್ನುವ ಹರಕೆಯನ್ನೇ ಮುರಿಸುವವರಿಗೆ ಏನನ್ನುತ್ತಿದ್ದನೋ! ಮನೆಗೆ ಬಂದು ಕಾರ್ಡ್ ತೆಗೆದು ಆಕೆಯ ಕೈಗಿಟ್ಟೆ. ಅಪ್ಪ ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ.

ನಿಮ್ಮ ಮಾವನ ಜೊತೆ ನೀವು ವಾದ ಮಾಡಬೇಡಿ, ತಂಗಿ. ಆ ಕೆಲಸ ನಿಮ್ಮ ಗಂಡನದು.

ಹುಬ್ಬಳ್ಳಿಯ ಒಬ್ಬ ವಕೀಲರು:

ವಚನಗಳ ವಿಷಯ ಮೇಲಿನವರು ಹೇಳಿದ್ದಾರೆ. ಕಾಯ್ದೆಯದ್ದು ಸಣ್ಣದು. ಹೆಂಡತಿ ದುಡಿದದ್ದು ಆಕೆಯದೇ ಸ್ವತ್ತು ಅಂತ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 4ನೇ ಕಲಂ ಹೇಳುತ್ತದೆ. ಕ್ರೈಸ್ತ ಹೆಣ್ಣುಮಕ್ಕಳಿಗೆ ಅದು ಅನ್ವಯವಾಗುತ್ತದೆ. ಆದರೆ ಇದನ್ನು ಊಟದ ಹೊತ್ತಲ್ಲಿ ತೆಗೆಯಬೇಡಿ! ಪಗಾರದ ಖಾತೆ ನಿಮ್ಮೊಬ್ಬರ ಹೆಸರಲ್ಲೇ ಇರಲಿ. ಅವ್ವನಿಗೆ ಬ್ಯಾಂಕ್ ಮೂಲಕವೇ ಹಾಕಿ.

ಕೇಳಿದವರಿಂದ:

ಎಲ್ಲರಿಗೂ ಥ್ಯಾಂಕ್ಸ್. 15ನೇ ವಚನ ಇವರಿಗೆ ವಾಟ್ಸಾಪ್ ಮಾಡಿದೆ. ಎರಡು ಟಿಕ್ ನೀಲಿಯಾಗಿವೆ. ಇನ್ನೂ ಏನೂ ಅಂದಿಲ್ಲ.