ಫೋನ್ ಮನೆಯಲ್ಲಿದ್ದರೆ ಸಾಲದು, ಅವಳದ್ದಾಗಿರಬೇಕು

(ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ನಡೆದ ಮಾತುಕತೆ)

ಸಣ್ಣ ಕಾಕಾ, ಬಾಗಲಕೋಟೆ: ಮೇಲೆ ಹಾಕಿರುವ ಪತ್ರಿಕೆಯ ತುಣುಕನ್ನು ಎಲ್ಲರೂ ಓದಿರಿ. ಹಳ್ಳಿಯ ವಿಕಲಚೇತನ ಹೆಣ್ಣುಮಕ್ಕಳಿಗೆ ಸ್ಮಾರ್ಟ್‌ಫೋನ್ ಕೊಟ್ಟು ಇಂಟರ್‌ನೆಟ್ ಕಲಿಸಬೇಕೆಂದು ಬರೆದಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೆ ಪಂಚಾಯಿತಿಯ ಮೆಟ್ಟಿಲು ಹತ್ತಲಾಗದವರಿಗೆ ಒಂದು ಇಳಿಜಾರನ್ನೂ ಕಟ್ಟಿಸದ ನಮ್ಮ ಊರಿನಲ್ಲಿ ಫೋನಿನಿಂದ ಏನಾದೀತು? ಅದೇ ದುಡ್ಡಿನಲ್ಲಿ ಹೊಲಿಗೆ ಯಂತ್ರ ಕೊಡಿಸಿದರೆ ನಾಲ್ಕು ಕಾಸು ಕೈಗೆ ಬರುತ್ತದೆ.

ಚಿಗವ್ವ, ಜಮಖಂಡಿ: ನನಗೂ ಹಾಗೆಯೇ ಅನ್ನಿಸುತ್ತದೆ. ಮನೆಗೊಂದು ಫೋನ್ ಈಗಾಗಲೇ ಇದೆ, ಬೇಕಾದಾಗ ಅಣ್ಣನೋ ತಮ್ಮನೋ ನೋಡಿ ಹೇಳುತ್ತಾರೆ. ಮೋಸದ ಕರೆಗಳು ಇಷ್ಟು ಹೆಚ್ಚಿರುವಾಗ ಹೆಣ್ಣುಮಗಳ ಕೈಗೆ ಬೇರೆ ಫೋನ್ ಕೊಟ್ಟು ಚಿಂತೆ ಏಕೆ ತಂದುಕೊಳ್ಳಬೇಕು?

ನಾನು: ಚಿಗವ್ವ, ‘ಮನೆಗೊಂದು ಫೋನ್’ ಎಂಬ ಮಾತನ್ನೇ ನಾನು ಒಪ್ಪಲಾರೆ. ಬ್ಯಾಂಕಿನ ಕೆಲಸವಿರಲಿ, ಆಧಾರ್ ತಿದ್ದುಪಡಿಯಿರಲಿ, ಒಟಿಪಿ ಬರುವುದು ನೋಂದಾಯಿಸಿದ ನಂಬರಿಗೆ. ಅದು ಅಣ್ಣನ ನಂಬರಾಗಿದ್ದರೆ, ಅವನು ದುಡಿಯಲು ಗೋವಾಕ್ಕೆ ಹೋದ ದಿನದಿಂದ ತನ್ನ ಮಾಸಾಶನ ಜಮೆಯಾಯಿತೋ ಇಲ್ಲವೋ ಎಂಬುದನ್ನೂ ಅವಳು ಅವನನ್ನೇ ಕೇಳಿ ತಿಳಿಯಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮಹಿಳೆಯರಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದವರು ಸುಮಾರು ನಾಲ್ವರಲ್ಲಿ ಒಬ್ಬರು. 2017ರಲ್ಲಿ ಶುರುವಾಗಿ 2024ರ ಮಾರ್ಚ್‌ನಲ್ಲಿ ಮುಗಿದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 6 ಕೋಟಿಗೂ ಹೆಚ್ಚು ಜನರಿಗೆ ತರಬೇತಿ ಕೊಟ್ಟಿತು. ಆದರೆ ಅದರಲ್ಲಿ ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶವಿತ್ತು. ಆ ಒಬ್ಬರು ಯಾರಾಗಬೇಕೆಂದು ಮನೆಯವರು ಕುಳಿತು ಮಾತನಾಡುವಾಗ, ಕಣ್ಣು ಕಾಣದ ಅಥವಾ ನಡೆಯಲಾಗದ ಮಗಳ ಹೆಸರು ಎಷ್ಟು ಮನೆಗಳಲ್ಲಿ ಬಂದಿದ್ದೀತು?

ಕಾಕಾ, ತಾವು ಹಾಕಿದ್ದು ತುಣುಕಿನ ಫೋಟೊ. ಊರಿನಲ್ಲಿರುವ, ಕಣ್ಣು ಕಾಣದ ನಮ್ಮ ತಂಗಿ ಇದೇ ಗುಂಪಿನಲ್ಲಿದ್ದಾಳೆ, ಮತ್ತು ಪರದೆಯಲ್ಲಿರುವುದನ್ನು ಓದಿ ಹೇಳುವ ಅವಳ ಫೋನಿನ ಟಾಕ್‌ಬ್ಯಾಕ್ ಅದನ್ನು ‘ಫೋಟೊ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅವಳಂಥವರ ಬಗ್ಗೆಯೇ ಬರೆದ ಸುದ್ದಿ ಅವಳಿಗೆ ತಲುಪಿಲ್ಲ. ದಯವಿಟ್ಟು ಅದನ್ನು ಅಕ್ಷರದಲ್ಲಿ ಬರೆದು ಹಾಕಿರಿ.

ತಂಗಿ, ಇಳಕಲ್ ಹತ್ತಿರದ ನಮ್ಮೂರು: ಕಾಕಾ, ಇದನ್ನು ನಾನು ಕನ್ನಡದಲ್ಲಿ ಮಾತನಾಡಿ ಫೋನಿನಿಂದ ಬರೆಯಿಸುತ್ತಿದ್ದೇನೆ. ಪರದೆಯ ಮೇಲೆ ಬೆರಳನ್ನು ಬಲಕ್ಕೆ ಸರಿಸಿದಂತೆಲ್ಲ ಫೋನು ಒಂದೊಂದಾಗಿ ಹೆಸರು ಹೇಳುತ್ತ ಹೋಗುತ್ತದೆ, ಬೇಕಾದದ್ದು ಬಂದಾಗ ಎರಡು ಸಲ ತಟ್ಟಿದರೆ ತೆರೆಯುತ್ತದೆ. ಒಟಿಪಿಯನ್ನೂ ಅದು ನಾಲ್ಕು ಜನರಿಗೆ ಕೇಳುವಂತೆ ಓದಿಬಿಡುವುದರಿಂದ ಬ್ಯಾಂಕಿನ ಕೆಲಸ ಮಾಡುವಾಗ ಇಯರ್‌ಫೋನ್ ಹಾಕಿಕೊಳ್ಳುತ್ತೇನೆ. ಇದನ್ನು ನನಗೆ ಕಲಿಸಿದವಳು ಇನ್ನೊಬ್ಬ ಅಂಧ ಹೆಣ್ಣುಮಗಳು. ಕಣ್ಣು ಕಾಣುವ ಎಷ್ಟೋ ತರಬೇತುದಾರರಿಗೆ ಅದು ಹೊಳೆಯುವುದೇ ಇಲ್ಲ. ಚಿಗವ್ವ, ಮೋಸದ ಕರೆಗಳು ನನಗೂ ಬರುತ್ತವೆ. ಒಟಿಪಿಯನ್ನು ಯಾರಿಗೂ ಹೇಳಬಾರದು, ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಕಲಿತಿದ್ದೇನೆ. ಕಲಿಯದವರಿಗೆ ಅಣ್ಣನ ಫೋನಿನಲ್ಲಿಯೂ ಮೋಸವಾಗುತ್ತದೆ.

ಹೊಲಿಗೆ ಯಂತ್ರವನ್ನು ನಾನು ಬೇಡವೆನ್ನುವುದಿಲ್ಲ. ನಮ್ಮ ಓಣಿಯಲ್ಲಿ ಪೋಲಿಯೊದಿಂದ ಕಾಲು ಸೋತ ವೈನಿಯೊಬ್ಬರು ಸೀರೆಗಳಿಗೆ ಕುಚ್ಚು ಕಟ್ಟುತ್ತಾರೆ. ಮೊದಲು ವ್ಯಾಪಾರಿ ಕೊಟ್ಟಷ್ಟೇ ಕೂಲಿಯಾಗಿತ್ತು. ಈಗ ಕಟ್ಟಿದ ಕುಚ್ಚಿನ ಚಿತ್ರವನ್ನು ಸ್ಟೇಟಸ್‌ನಲ್ಲಿ ಹಾಕಿ, ದರವನ್ನು ತಾವೇ ಹೇಳಿ, ಗಿರಾಕಿಗಳಿಂದ ನೇರವಾಗಿ ಕೆಲಸ ಹಿಡಿಯುತ್ತಾರೆ.

ಸಣ್ಣ ಕಾಕಾ: ತುಣುಕಿನಲ್ಲಿದ್ದುದನ್ನು ಈಗ ಬರೆದು ಹಾಕಿದ್ದೇನೆ, ಮಗಳೇ. ಇಷ್ಟೆಲ್ಲ ನೀನು ಒಬ್ಬಳೇ ನಿಭಾಯಿಸುತ್ತೀ ಎಂದು ನನಗೆ ಗೊತ್ತಿರಲಿಲ್ಲ. ಆದರೂ ನನ್ನ ಪ್ರಶ್ನೆ ಉಳಿದಿದೆ. ಇಂಥ ಎಲ್ಲರಿಗೂ ಕಲಿಸುವ ಖರ್ಚನ್ನು ಯಾರು ಹೊರಬೇಕು?

ನಾನು: ದಾನಿಗಳನ್ನು ಹುಡುಕಬೇಕಾಗಿಲ್ಲ, ಕಾಕಾ. ಬಡತನ ನಿವಾರಣೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಟ್ಟು, ಅದರಲ್ಲಿಯೂ ಮಹಿಳೆಯರಿಗೆ ಆದ್ಯತೆ ಕೊಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 37ನೇ ಕಲಮು ಹೇಳುತ್ತದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿದೆ. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಲಾಗದವರಿಗೂ ಕೆವೈಸಿಗೆ, ಅಂದರೆ ಗುರುತು ಖಚಿತಪಡಿಸುವುದಕ್ಕೆ, ಬೇರೆ ದಾರಿ ಇರಬೇಕೆಂದು ಅದೇ ತೀರ್ಪು ನಿರ್ದೇಶಿಸಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ತರಬೇತಿ ನಡೆಯಲಿ ಎಂದು ಕೇಳೋಣ. ಅಲ್ಲಿಗೆ ಹೋಗಲು ತಾವು ಹೇಳಿದ ಇಳಿಜಾರೂ ಬೇಕು, ಆದ್ದರಿಂದ ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆಯಬಹುದು. ಮನೆ ಬಿಟ್ಟು ಬರಲಾಗದವರ ಹೆಸರುಗಳು ವಿಕಲಚೇತನರ ನೆರವಿಗಿರುವ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಇರುತ್ತವೆ; ಅಂಥವರಿಗೆ ಮನೆಯಲ್ಲಿಯೇ ಕಲಿಸಬೇಕು.

ಚಿಗವ್ವ: ಕಲಿಸುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಸಿಮ್ ಮನೆಯ ಹಿರಿಯರ ಹೆಸರಿನಲ್ಲಿಯೇ ಇರಲಿ ಎಂಬುದು ಈಗಲೂ ನನ್ನ ಅಭಿಪ್ರಾಯ.

ತಂಗಿ: ನನ್ನ ಮಾಸಾಶನ ನನ್ನ ಹೆಸರಿನಲ್ಲಿ ಬರುತ್ತದೆ, ಚಿಗವ್ವ. ಸಿಮ್ ಕೂಡ ನನ್ನ ಹೆಸರಿನಲ್ಲಿಯೇ ಇರಲಿ. ಕಾಕಾ, ಅರ್ಜಿಯಲ್ಲಿ ಆ ಮಾತನ್ನು ಮೊದಲು ಬರೆಯಿರಿ.