171.064 ಡಾಲ್ಟನ್‌ನ ಅಂತರ: ಕೋನೋಟಾಕ್ಸಿನ್ ಒಂದರ ಮೊದಲ ತುದಿಯನ್ನು ಓದುವುದು ಹೇಗೆ?

ಪ್ರಶ್ನೆ:
ಕೋನಸ್ ಬಸವನಹುಳುವಿನ ವಿಷದಿಂದ ಬೇರ್ಪಡಿಸಿದ, ನಾಲ್ಕು ಸಿಸ್ಟೀನ್‌ಗಳಿರುವ ಪೆಪ್ಟೈಡ್ (ಅಮೈನೋ ಆಮ್ಲಗಳ ಕಿರು ಸರಪಳಿ) ಒಂದರ ಅನುಕ್ರಮವನ್ನು ಡೇಟಾಬೇಸಿನ ನೆರವಿಲ್ಲದೆ, ಟ್ಯಾಂಡಮ್ ಮಾಸ್ ಸ್ಪೆಕ್ಟ್ರಮ್‌ನಿಂದಲೇ (ಪೆಪ್ಟೈಡನ್ನು ಒಡೆದು ತುಣುಕುಗಳ ತೂಕ ಅಳೆದ ದಾಖಲೆಯಿಂದಲೇ) ಓದುತ್ತಿದ್ದೇನೆ. ಸಿಸ್ಟೀನ್‌ಗಳ ನಡುವಿನ ಡೈಸಲ್ಫೈಡ್ ಬಂಧಗಳನ್ನು ಬಿಡಿಸಿ, ಅವು ಮತ್ತೆ ಕೂಡದಂತೆ ಅಯೊಡೊಅಸಿಟಮೈಡ್ ಹಾಕಿದ್ದೆ. ವೈ-ಅಯಾನುಗಳ (ಕೊನೆಯ ತುದಿ ಇರುವ ತುಣುಕುಗಳ) ಸರಣಿ ಕೊನೆಯಿಂದ ಸರಾಗವಾಗಿ ಬಂದು, ಮೊದಲ ತುದಿಗೆ 171.064 ಡಾಲ್ಟನ್ ಬಾಕಿ ಇರುವಾಗ ನಿಂತುಬಿಡುತ್ತದೆ. ಆ ಜಾಗದಲ್ಲಿ ಒಂದು ತಂತ್ರಾಂಶ ಗ್ಲೈಸಿನ್-ಆಸ್ಪರಜಿನ್ ಎನ್ನುತ್ತದೆ, ಇನ್ನೊಂದು ಮೂರು ಗ್ಲೈಸಿನ್ ಎನ್ನುತ್ತದೆ. ಯಾವುದನ್ನು ನಂಬಲಿ?

ಮೊದಲ ಉತ್ತರ:
ಸದ್ಯಕ್ಕೆ ಎರಡನ್ನೂ ನಂಬಬೇಡಿ. ಸರಪಳಿಯೊಳಗಿನ ಒಂದು ಆಸ್ಪರಜಿನ್‌ನಲ್ಲಿಯೂ ಎರಡು ಗ್ಲೈಸಿನ್‌ಗಳಲ್ಲಿಯೂ ಇರುವ ಪರಮಾಣುಗಳು ಒಂದೇ. ಎರಡರ ತೂಕವೂ 114.04293. ಹಾಗಾಗಿ ಉಪಕರಣ ಎಷ್ಟೇ ಸೂಕ್ಷ್ಮವಾಗಿದ್ದರೂ ತೂಕವೊಂದರಿಂದಲೇ ಇವನ್ನು ಬೇರ್ಪಡಿಸಲಾಗದು. ಈ ತಂತ್ರಾಂಶಗಳ ಕ್ರಮವಿಧಿಗಳು ಸ್ಪೆಕ್ಟ್ರಮ್‌ನ ಶಿಖರಗಳನ್ನು ಬಿಂದುಗಳೆಂದೂ ಅಮೈನೋ ಆಮ್ಲದ ತೂಕಗಳನ್ನು ಬಿಂದುಗಳ ನಡುವಿನ ಗೆರೆಗಳೆಂದೂ ಇಟ್ಟುಕೊಂಡು ದಾರಿ ಹುಡುಕುತ್ತವೆ; ನಡುವೆ ಶಿಖರವೇ ಇಲ್ಲದಿದ್ದರೆ ಊಹೆಯಿಂದ ತುಂಬುತ್ತವೆ. ಬಿ1 ಅಯಾನು (ಮೊದಲ ಅಮೈನೋ ಆಮ್ಲವೊಂದೇ ಇರುವ ತುಣುಕು) ಸಾಮಾನ್ಯವಾಗಿ ಕಾಣಿಸುವುದೇ ಇಲ್ಲವಾದ್ದರಿಂದ ಈ ತೊಂದರೆ ಮೊದಲ ತುದಿಯಲ್ಲೇ ಹೆಚ್ಚು. ಅಂಥಲ್ಲಿ ಅಕ್ಷರ ಬರೆಯದೆ, ಆವರಣದಲ್ಲಿ 171.064 ಎಂದಷ್ಟೇ ನಮೂದಿಸುವುದು ಪ್ರಾಮಾಣಿಕ ಕ್ರಮ.

ಎರಡನೆಯ ಉತ್ತರ:
ಇದರಲ್ಲಿ ಇನ್ನೊಂದು ಬಲೆಯೂ ಇದೆ. ಅಯೊಡೊಅಸಿಟಮೈಡ್ ಸೇರಿಸುವ ತೂಕ 57.02146, ಗ್ಲೈಸಿನ್‌ನ ತೂಕವೂ ಅಷ್ಟೇ. ಅದು ಸಿಸ್ಟೀನ್ ಬಿಟ್ಟು ಮೊದಲ ತುದಿಯ ಅಮೈನಿಗೂ ಅಂಟಿದ್ದರೆ, ಇಲ್ಲದ ಗ್ಲೈಸಿನ್ ಇದ್ದಂತೆ ಕಾಣುತ್ತದೆ. ಉಪಚಾರಕ್ಕೆ ಮುಂಚಿನ ಮತ್ತು ನಂತರದ ಒಟ್ಟು ತೂಕಗಳನ್ನು ಹೋಲಿಸಿ. ಸಿಸ್ಟೀನ್ ಒಂದಕ್ಕೆ 58.029ರಂತೆ (ಆ 57.021ರ ಜೊತೆಗೆ ಬಂಧ ಬಿಡಿಸಿದಾಗ ಸೇರುವ ಒಂದು ಹೈಡ್ರೋಜನ್) ನಾಲ್ಕಕ್ಕೆ 232.117 ಏರಬೇಕು. ಸ್ಪೆಕ್ಟ್ರಮ್‌ನಿಂದ ಅನುಕ್ರಮ ಊಹಿಸುವ ಕ್ಯಾಸನೋವೊದಂಥ ಹೊಸ ನರಜಾಲ ಮಾದರಿಗಳ ಬಗ್ಗೆಯೂ ಒಂದು ಮಾತು: ಅವು ಹೆಚ್ಚಾಗಿ ಕಲಿತಿರುವುದು ಟ್ರಿಪ್ಸಿನ್ ಎಂಬ ಕಿಣ್ವ ಕತ್ತರಿಸಿದ ಪೆಪ್ಟೈಡ್‌ಗಳಿಂದ. ವಿಷದ ಪೆಪ್ಟೈಡ್‌ನ ವಿಷಯದಲ್ಲಿ ಅವು ಕೊಡುವ ಅಂಕವನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಹೋಲಿಸಿ ನೋಡಿದೆ, ವ್ಯತ್ಯಾಸ 289.14 ಬಂದಿದೆ. ಎಂದರೆ ಒಂದು ಗುಂಪು ಹೆಚ್ಚಾಗಿ ಅಂಟಿದೆ, ನಾನು ಗ್ಲೈಸಿನ್ ಎಂದು ಎಣಿಸಿದ್ದು ನಾನೇ ಹಾಕಿದ ರಾಸಾಯನಿಕ. ಈಗ ಉಳಿದಿರುವುದು 114.043.

ಮೊದಲ ಉತ್ತರ ನೀಡಿದವರು:
ಉಪಚರಿಸದ ಮೂಲ ಮಾದರಿ ಸ್ವಲ್ಪ ಉಳಿದಿದ್ದರೆ ಮೊದಲ ತುದಿಯಿಂದ ಒಂದೊಂದೇ ಅಮೈನೋ ಆಮ್ಲ ಕಳಚುವ ಎಡ್ಮನ್ ವಿಧಾನದ ಒಂದೇ ಸುತ್ತು ಸಾಕು. ಹೊರಬರುವುದು ಆಸ್ಪರಜಿನ್ನೋ ಗ್ಲೈಸಿನ್ನೋ ಎಂಬುದು ಅಲ್ಲೇ ತಿಳಿಯುತ್ತದೆ. ಒಂದೇ ತೂಕದ ಲ್ಯೂಸಿನ್-ಐಸೊಲ್ಯೂಸಿನ್ ಗೊಂದಲವೂ ಇದ್ದರೆ ಇಟಿಎಚ್‌ಸಿಡಿ (ಪೆಪ್ಟೈಡ್ ಒಡೆಯುವ ಇನ್ನೊಂದು ವಿಧಾನ) ಮಾಡಿಸಿ, ಪಾರ್ಶ್ವಸರಪಳಿ ಮುರಿದಾಗ ಕಳೆಯುವ ತೂಕವನ್ನು ನೋಡಿ: 43.05 ಕಳೆದರೆ ಲ್ಯೂಸಿನ್, 29.04 ಆದರೆ ಐಸೊಲ್ಯೂಸಿನ್.