ಅಪ್‌ಡೇಟ್: ‘ಮೈಕಲ್ ಕ್ಲೇಟನ್’ ನೋಡಿದೆವು, ತವಾ ಅಟ್ಟ ಸೇರಿತು

ಕಂಪನಿಗಳ ಮೋಸದ ಬಗ್ಗೆ, ನಿಧಾನಕ್ಕೆ ಕಾವೇರುವ ವಕೀಲರ ಸಿನಿಮಾ ಇದ್ದರೆ ಹೇಳಿ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಜಾಸ್ತಿ ಜನ ಹೇಳಿದ್ದು 2007ರ ‘ಮೈಕಲ್ ಕ್ಲೇಟನ್’. ಶನಿವಾರ ಬಸವನಗುಡಿಯಲ್ಲಿ ಜೋರು ಮಳೆ. ಎಲ್ಲೂ ಹೋಗುವ ಹಾಗಿರಲಿಲ್ಲ, ಹಾಕಿಕೊಂಡು ಕೂತೆವು.

ಮೊದಲ ಅರ್ಧ ಗಂಟೆಯಲ್ಲಿ ನಮ್ಮ ಯಜಮಾನರು ‘ಏನೇ ಆಗ್ತಿದೆ ಇದರಲ್ಲಿ?’ ಅಂತ ಮೂರು ಸಲ ಕೇಳಿದರು. ನನಗೂ ಗೊತ್ತಿರಲಿಲ್ಲ. ಸುಮ್ನೆ ನೋಡಿ ಅಂದೆ. ಜಾರ್ಜ್ ಕ್ಲೂನಿ ಇಲ್ಲಿ ದೊಡ್ಡ ಲಾ ಫರ್ಮಿನ ಕೊಳೆ ತೊಳೆಯುವ ವಕೀಲ. ಕೋರ್ಟಿನಲ್ಲಿ ವಾದ ಮಾಡುವುದೇ ಇಲ್ಲ. ಕಳೆನಾಶಕ ಮಾಡುವ ಕಂಪನಿಯ ಪರ ವರ್ಷಗಟ್ಟಲೆ ದುಡಿದ ಹಿರಿಯ ಸಹೋದ್ಯೋಗಿಗೆ ಮನಸ್ಸಾಕ್ಷಿ ಚುಚ್ಚುತ್ತದೆ. ಅಲ್ಲಿಂದ ಶುರು. ಮುಂದಿನದು ಹೇಳುವುದಿಲ್ಲ.

ನನಗೆ ಹಿಡಿಸಿದ್ದು ಟಿಲ್ಡಾ ಸ್ವಿಂಟನ್. ಆ ಕಂಪನಿಯ ವಕೀಲೆ. ಆಡಬೇಕಾದ ಮಾತನ್ನು ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡುತ್ತಾಳೆ, ಬೆವರಿ ಒದ್ದೆಯಾಗುತ್ತಾಳೆ. ಖಳನಾಯಕಿ ಅಂತ ಅನ್ನಿಸಲೇ ಇಲ್ಲ. ಅಪ್ರೈಸಲ್‌ಗೆ ಹೆದರುವ ಯಾವುದೋ ಮ್ಯಾನೇಜರ್ ಥರ ಕಂಡಳು. ಭಯವಾಗಿದ್ದೂ ಅದಕ್ಕೇ. ಆ ಪಾತ್ರಕ್ಕೆ ಆಸ್ಕರ್ ಬಂದಿದೆ, ಬರಲೇಬೇಕಿತ್ತು.

2019ರ ‘ಡಾರ್ಕ್ ವಾಟರ್ಸ್’ ಹೇಳಿದವರಿಗೂ ಥ್ಯಾಂಕ್ಸ್. ನಾನ್‌ಸ್ಟಿಕ್ ಪಾತ್ರೆಗಳಿಗೆ ಬಳಿಯುವ ಟೆಫ್ಲಾನ್ ತಯಾರಿಕೆಗೆ ಬಳಸುತ್ತಿದ್ದ ರಾಸಾಯನಿಕದ ಬಗ್ಗೆ ವಕೀಲ ರಾಬ್ ಬಿಲಟ್ ಡುಪಾಂಟ್ ಕಂಪನಿ ವಿರುದ್ಧ ನಡೆಸಿದ ನಿಜವಾದ ಕೇಸು ಅದು. ಭಾನುವಾರ ನೋಡಿದೆ. ಸೋಮವಾರ ನಮ್ಮ ಹಳೇ ನಾನ್‌ಸ್ಟಿಕ್ ತವಾ ಅಟ್ಟಕ್ಕೆ ಹೋಯಿತು. ಬಿಸಾಡೋಣ ಅಂದರೆ ಯಜಮಾನರು ಬಿಡಲಿಲ್ಲ. ಈಗ ದೋಸೆ ಅತ್ತೆಯ ಕಬ್ಬಿಣದ ಕಾವಲಿಯಲ್ಲಿ. ಮೊದಲ ಎರಡು ಕಿತ್ತುಕೊಂಡೇ ಬರುತ್ತವೆ.